ಜೂನ್ ಒಂದರ ಖಾನೆ

ಹಾಳೆಯ ಅಳತೆ ಮೊದಲು ನಿರ್ಧಾರವಾಯಿತು, ಅದರಲ್ಲಿ ಏನಿರಬೇಕು ಎಂಬುದು ಆಮೇಲೆ. ನಮ್ಮ ಪತ್ರಿಕೆಯ ಎರಡು ಪುಟ ಜೋಡಿಸಿದಷ್ಟು ಅಗಲ, ಜೂನ್ ತಿಂಗಳ ದಿನಕ್ಕೊಂದು ಖಾನೆ, ಪ್ರತಿ ಖಾನೆಯಲ್ಲಿ ಅಂದು ನಡೆದ ಒಂದು ಘಟನೆ ಮತ್ತು ಅಂದು ಹುಟ್ಟಿದ ಒಬ್ಬರ ಹೆಸರು. ಎಲ್ಲವೂ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳದ್ದೇ ಆಗಿರಬೇಕು. ದೇಶದ ನಾಯಕರು, ಯುದ್ಧಗಳು, ಕ್ರಿಕೆಟ್ ಆಟಗಾರರು ಮೊಬೈಲಿನಲ್ಲಿ ಸಿಗುತ್ತಾರೆ, ಅವರು ಬೇಡ ಎಂದು ಸಂಪಾದಕರು ಹೇಳಿದರು. ಚಹಾದಂಗಡಿಯಲ್ಲಿ, ಮಗ್ಗದ ಶೆಡ್ಡಿನಲ್ಲಿ, ಕಟಿಂಗ್ ಅಂಗಡಿಯಲ್ಲಿ ಜನ ಅದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು ಎಂಬುದು ಅವರ ಆಸೆ.

"ಇದು ಒಂದು ತಿಂಗಳು ಗ್ವಾಡಿ ಮ್ಯಾಲೆ ಇರೂದ್ರೀ. ಒಂದು ತಪ್ಪಾದ್ರ ಮಂದಿ ದಿನಾ ಮುಂಜಾನೆ ಎದ್ದು ಬೈತಾರ," ಅಂದರು. "ಅದಕ್ಕ ನಿಮಗ ಕೊಡಾಕತ್ತೇನಿ. ನೀವು ನಿಮ್ಮ ಹುಟ್ಟಿದ ದಿನಾನ ನಂಬೂ ಪೈಕಿ ಅಲ್ಲ."

ಅದು ನಿಜ. ನನ್ನ ಶಾಲೆಯ ದಾಖಲೆಯಲ್ಲಿರುವುದು ಜೂನ್ ಒಂದು. ನಮ್ಮವ್ವ ಹೇಳುತ್ತಿದ್ದುದು ಜೋಳದ ರಾಶಿಯ ಕಾಲ, ಅಂದರೆ ಬೇಸಿಗೆಗೂ ಮೊದಲು.

ಪ್ರತಿ ನಮೂದಿಗೂ ಒಂದನ್ನೊಂದು ನೋಡಿರದ ಎರಡು ಆಧಾರ ಬೇಕೆಂದು ನಿಯಮ ಹಾಕಿಕೊಂಡೆ. ನಿಯಮ ನನ್ನದಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ ನಮ್ಮ ಗುರುಗಳು ಅದನ್ನು ತಲೆಯಲ್ಲಿ ಕೂರಿಸಿದ್ದರು. ಒಬ್ಬ ಹೇಳಿದ್ದನ್ನು ಹತ್ತು ಜನ ಬರೆದುಕೊಂಡರೂ ಅದು ಒಂದೇ ಸಾಕ್ಷಿ ಎನ್ನುತ್ತಿದ್ದರು. ನೆನಪನ್ನಂತೂ ಅವರು ಸಾಕ್ಷಿಗಳ ಹತ್ತಿರ ಕೂಡ ಸುಳಿಯಗೊಡುತ್ತಿರಲಿಲ್ಲ. ಈಗ ನಿವೃತ್ತರಾಗಿ ಜಮಖಂಡಿಯಲ್ಲೇ ಇದ್ದಾರೆ. ಕೆಲಸ ಒಪ್ಪಿಕೊಂಡ ಮೇಲೆ ಮೊದಲು ಹೋದದ್ದು ಅವರ ಮನೆಗೆ.

"ಬಾರಲೇ ಸಂಶಯ ಪಿಶಾಚಿ," ಎಂದು ಬಾಗಿಲಲ್ಲೇ ಕರೆದರು. ಹಾಳೆಯ ವಿಷಯ ಅವರಿಗೆ ಆಗಲೇ ತಿಳಿದಿತ್ತು. "ಜೂನ್ ಒಂದಕ್ಕ ಏನ ಹಾಕ್ತಿ?"

"ಇನ್ನೂ ಏನೂ ಇಲ್ರಿ ಸರ್."

"ಹಂಗಾರ ಬರಕೊ."

ಬನಹಟ್ಟಿಯಲ್ಲಿ ನೇಕಾರರ ಓಣಿಯ ಹಳೆಯ ವಾಚನಾಲಯ ಆ ದಿನ ಶುರುವಾಯಿತು; ಶುರು ಮಾಡಿದವರು ನೂಲಿನ ವ್ಯಾಪಾರಿಯಾಗಿದ್ದ ತಮ್ಮ ದೊಡ್ಡಪ್ಪ; ದೊಡ್ಡಪ್ಪ ತಮ್ಮ ಹುಟ್ಟುಹಬ್ಬದ ದಿನ ಅದನ್ನು ನೇಕಾರರಿಗೆ ಕಾಣಿಕೆಯಾಗಿ ಕೊಟ್ಟರು. ಹೀಗೆ ಹೇಳಿ ಬರೆಸಿದರು. ಘಟನೆ, ಹುಟ್ಟಿದ ದಿನ ಎರಡೂ ಒಂದೇ ಏಟಿಗೆ ಸಿಕ್ಕವು.

"ಜ್ವಾಕಿ," ಅಂದರು. "ಆ ವಾಚನಾಲಯಕ್ಕ ಹೊಸಾ ಕಟ್ಟಡ ಎದ್ದೈತಿ. ಯಾರ ಹೆಸರು ಇಡಬೇಕಂತ ಕಮಿಟಿ ಕುಂತೈತಿ. ಅವರು ನಿಮ್ಮ ಹಾಳಿ ನೋಡ್ತಾರ."

ಎಚ್ಚರದಿಂದ ಕೆಲಸ ಮಾಡು ಎನ್ನುತ್ತಿದ್ದಾರೆಂದು ನಾನು ತಿಳಿದುಕೊಂಡೆ. ಎರಡು ಆಧಾರ ಎಂದು ಬಾಯಿ ತೆರೆಯುವಷ್ಟರಲ್ಲಿ ಅವರು ನಕ್ಕು ಕಪಾಟಿನಿಂದ ವಾಚನಾಲಯದ ಹಳೆಯ ಸ್ಮರಣ ಸಂಚಿಕೆ ತೆಗೆದುಕೊಟ್ಟರು. ಅದರಲ್ಲಿ ಇದೇ ಸಂಗತಿ ಇತ್ತು. ಎರಡನೆಯದು ವಾಚನಾಲಯದ ಗೋಡೆಯಲ್ಲಿ ಕೂರಿಸಿದ ಕಲ್ಲು, ಹೋಗಿ ನೋಡಿ ಬಾ ಎಂದರು. ಒಂದು ಅಚ್ಚು, ಒಂದು ಕಲ್ಲು. ಮೊದಲ ಖಾನೆಗೆ ಪೆನ್ಸಿಲ್ಲಿನಿಂದ ಗುರುತು ಹಾಕಿದೆ. ಯಾವುದನ್ನೂ ಇಷ್ಟು ಬೇಗ ಗುರುತು ಹಾಕುವ ಪೈಕಿ ನಾನಲ್ಲ. ಹೇಳಿದವರು ಅವರು ಎಂಬುದೊಂದೇ ಕಾರಣ.

ಉಳಿದ ಖಾನೆಗಳು ಅಷ್ಟು ಸುಲಭಕ್ಕೆ ತುಂಬಲಿಲ್ಲ. ಬೀಳಗಿ ಕಡೆಯ ಒಂದು ಪುನರ್ವಸತಿ ಕೇಂದ್ರದಲ್ಲಿ, ಹಳೆಯ ಊರಿಗೆ ಅಣೆಕಟ್ಟಿನ ಹಿನ್ನೀರು ಬಂದ ದಿನ ಯಾವುದು ಎಂದು ಕೇಳಿದೆ. ಕೇಳಿದ್ದೇ ತಪ್ಪಾಯಿತು. ಕೆಳಗಿನ ಓಣಿಯವರಿಗೆ ಒಂದು ದಿನ, ಗುಡಿಯ ಹತ್ತಿರದವರಿಗೆ ಇನ್ನೊಂದು ದಿನ, ದಿಬ್ಬದ ಮೇಲಿನವರಿಗೆ ನೀರು ಬಂದೇ ಇರಲಿಲ್ಲ, ಅವರನ್ನು ಸುಮ್ಮನೆ ಎಬ್ಬಿಸಿದ್ದರು. ಕಟ್ಟೆಯ ಮೇಲೆ ಜಗಳ ಶುರುವಾಯಿತು. ಒಬ್ಬ ಹಿರಿಯರು, "ನೀರೇನು ಬಸ್ಸೇನೋ ಟೈಮಿಗೆ ಬರಾಕ?" ಎಂದು ಎಲ್ಲರನ್ನೂ ಸುಮ್ಮನಾಗಿಸಿದರು. ಆ ಘಟನೆಗೆ ತಾರೀಖೇ ಇಲ್ಲ ಎಂದು ಒಪ್ಪಿಕೊಂಡು ಕೈಬಿಟ್ಟೆ.

ತೇರದಾಳದಲ್ಲಿ ಇದಕ್ಕೆ ತಿರುಗುಮುರುಗು. ಒಬ್ಬ ಜೈನ ವ್ಯಾಪಾರಿಯ ಮನೆಯಲ್ಲಿ ಅಜ್ಜ, ಅಪ್ಪ, ಮಕ್ಕಳು ಎಲ್ಲರ ಹುಟ್ಟಿದ ತಿಥಿಯೂ ಬಾಯಿಪಾಠ. ಅಂಗಡಿಯ ಅಟ್ಟದಲ್ಲಿ ಹಳೆಯ ಪಂಚಾಂಗಗಳನ್ನು ವರ್ಷದ ಪ್ರಕಾರ ಹಗ್ಗ ಕಟ್ಟಿ ಇಟ್ಟಿದ್ದರು. ಅವರು ಸಂವತ್ಸರ ಹೇಳುತ್ತ ಹೋದಂತೆ ನಾನು ಪಂಚಾಂಗ ಬಿಚ್ಚಿ ತಿಥಿಯ ಎದುರಿನ ಇಂಗ್ಲಿಷ್ ತಾರೀಖು ಬರೆದುಕೊಳ್ಳುತ್ತ ಹೋದೆ. ಅವರ ಅಜ್ಜ ಹುಟ್ಟಿದ್ದು ಶ್ರುತಪಂಚಮಿಯ ದಿನ. ಮನೆಯಲ್ಲಿ ಗ್ರಂಥಗಳಿಗೆ ಪೂಜೆ ಮಾಡುವಾಗ ಹೆರಿಗೆ ನೋವು ಬಂತೆಂದು ಮುತ್ತಜ್ಜಿ ಹೇಳುತ್ತಿದ್ದರಂತೆ. "ಅವರ ಸಾಲಿ ಸರ್ಟಿಫಿಕೇಟಿನ್ಯಾಗ ಏನೈತ್ರಿ?" ಎಂದು ಕೇಳಿದೆ. "ಅದನ್ನ ಯಾರು ನೋಡ್ಯಾರ್ರೀ? ನೌಕರಿ ಮಾಡೂ ಮಂದಿಗೆ ಬೇಕು ಅದು," ಎಂದು ತಕ್ಕಡಿಯ ಕಡೆ ತಿರುಗಿದರು. ಈ ಮಾತನ್ನು ನಾನು ಅಲ್ಲಿಯೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕಿತ್ತು.

ಬನಹಟ್ಟಿಗೆ ಹೋದದ್ದು ಕಲ್ಲಿನ ಫೋಟೋ ತೆಗೆಯಲು. ವಾಚನಾಲಯವೆಂದರೆ ಹಳೆಯ ಮನೆಯೊಂದರ ಪಡಸಾಲೆ. ರಸ್ತೆಯ ಕಡೆ ಬಾಗಿಲು ಒಡೆದು ಬೆಂಚು ಹಾಕಿದ್ದಾರೆ. ಕಲ್ಲು ಇತ್ತು, ಗುರುಗಳು ಹೇಳಿದ್ದೇ ಅದರಲ್ಲಿಯೂ ಇತ್ತು. ಫೋಟೋ ತೆಗೆಯುತ್ತಿದ್ದಾಗ ಒಳಗಿನ ಮನೆಯಿಂದ ಒಬ್ಬ ಮುದುಕಿ ಬಾಗಿಲು ಹಿಡಿದುಕೊಂಡು ಬಂದರು. ಕಣ್ಣುಗಳು ಮಂಜಾಗಿದ್ದವು.

"ಯಾರದು, ಕಲ್ಲಿನ ಫೋಟೋ ಹೊಡ್ಯಾಕತ್ತವರು?"

ಪೇಪರಿನಿಂದ ಬಂದಿದ್ದೇನೆ ಎಂದೆ.

"ಹಂಗಾರ ಬರಕೊ ತಮ್ಮಾ. ಇದನ್ನ ಚಾಲೂ ಮಾಡಿದಾಕಿ ನಮ್ಮವ್ವ. ಆ ಕಲ್ಲು ಸುಳ್ಳ ಹೇಳತೈತಿ."

ಆಯಿ ಹೊಸ್ತಿಲ ಮೇಲೆ ಕುಳಿತು ಹೇಳಿದ್ದು ಇಷ್ಟು. ಕೈಮಗ್ಗದ ಕಾಲ. ಹಬ್ಬದ ಮರುದಿನ ಮಗ್ಗಗಳು ನಿಂತಿದ್ದವು. ನೂಲಿನ ಗಂಟಿಗೆ ಸುತ್ತಿ ಬಂದಿದ್ದ ಹಳೆಯ ಪತ್ರಿಕೆಯ ಹಾಳೆಯನ್ನು ಅವರ ತಾಯಿ ಪಡಸಾಲೆಯಲ್ಲಿ ಕುಳಿತು ಗಟ್ಟಿಯಾಗಿ ಓದಿದರು. ಸುಮ್ಮನೆ ಕುಳಿತಿದ್ದ ನೇಕಾರರು ಕೇಳಲು ಕೂಡಿದರು. ಮರುದಿನವೂ ಓದು ಅಂದರು. ಹೀಗೆಯೇ ಅದು ವಾಚನಾಲಯವಾಯಿತು. ನೂಲಿನ ವ್ಯಾಪಾರಿ ಆಮೇಲೆ ಬೆಂಚು ಕೊಟ್ಟದ್ದು ಖರೆ, ಅದನ್ನು ಇಲ್ಲವೆನ್ನುವುದಿಲ್ಲ ಎಂದರು.

"ಯಾವ ಹಬ್ಬ, ಆಯಿ?"

"ಕಾರಹುಣ್ಣಿವಿ. ಮರುದಿನ ಕರಿ, ಯಾರೂ ಮಗ್ಗ ಮುಟ್ಟೂದಿಲ್ಲ."

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದೆ. ನಾನು ಯಾರನ್ನೂ ಒಂದೇ ಸಲ ಕೇಳಿ ಬಿಡುವುದಿಲ್ಲ. ಈ ಸಲ, "ಮಣ್ಣೆತ್ತಿನ ಅಮಾಸಿ ಇರಬೇಕು ನೋಡು," ಅಂದರು. ಆಮೇಲೆ ತಮಗೇ ಸಿಟ್ಟು ಬಂದು, "ಅಲ್ಲಲ್ಲ, ಹುಣ್ಣಿವಿನ," ಅಂದರು.

"ನಾನು ಎರಡು ಕಡೆ ನೋಡದ ಏನೂ ಬರಿಯಂಗಿಲ್ರಿ, ಆಯಿ."

"ನನಗ ಇರೂದು ಒಂದ ಕಡೆ," ಎಂದು ತಲೆ ಮುಟ್ಟಿ ತೋರಿಸಿದರು. "ನಮ್ಮವ್ವನ ಹೆಸರು ಒಂದು ಜಾಗಾದಾಗ ಬರೀರಿ ಅಂತೇನಿ. ಮತ್ತೇನು ಕೇಳಾಕತ್ತಿಲ್ಲ ನಾ."

ನನ್ನನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದು ಅವರ ಮಾತಲ್ಲ. ಆ ಪಡಸಾಲೆಯಲ್ಲಿ ಒಬ್ಬ ಹೆಂಗಸು, ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿಕೊಂಡು, ಪತ್ರಿಕೆಯನ್ನು ಮುಖದ ಹತ್ತಿರ ಹಿಡಿದು ಓದುತ್ತಿರುವುದನ್ನು ನಾನೇ ಕಂಡಿದ್ದೇನೆ ಎಂದು ಒಮ್ಮೆಲೇ ಅನ್ನಿಸಿತು. ಅಪ್ಪ ಸೀರೆ ತರಲು ಬನಹಟ್ಟಿಗೆ ಬರುತ್ತಿದ್ದ. ಒಮ್ಮೆ ನನ್ನನ್ನೂ ಕರೆತಂದಿದ್ದ. ದಾರದ ಬಣ್ಣ ಕೂಡ ನೆನಪಿತ್ತು, ಕೆಂಪು. ಬಸ್ ನಿಲ್ದಾಣದಿಂದಲೇ ಅಕ್ಕನಿಗೆ ಫೋನ್ ಮಾಡಿದೆ.

"ನೀ ಎಲ್ಲಿ ಬಂದಿದ್ದೋ?" ಎಂದು ಅಕ್ಕ ನಕ್ಕಳು. "ನಿನಗ ಜ್ವರ ಬಂದು ಮಲಗಿದ್ದಿ. ಅಪ್ಪನ ಜೋಡಿ ಹೋದಾಕಿ ನಾನು. ಬಂದು ನಿನಗ ಹೇಳಿದ್ದೆ, ಬಾಯಿ ತಕ್ಕೊಂಡು ಕೇಳ್ತಿದ್ದಿ. ಕೆಂಪು ದಾರ ಅಂತ ಹೇಳಿದಾಕೀನೂ ನಾನ."

ಇಷ್ಟು ವರ್ಷ ನನ್ನದೆಂದು ಇಟ್ಟುಕೊಂಡಿದ್ದ ನೆನಪು ನನ್ನದಾಗಿರಲಿಲ್ಲ. ಬಸ್ಸಿನಲ್ಲಿ ಕುಳಿತು ಇನ್ನೇನೇನು ಅಕ್ಕನದು, ಏನೇನು ನನ್ನದು ಎಂದು ಹುಡುಕುತ್ತ ಹೋದೆ. ನಾನು ಈಜು ಕಲಿತ ಬಾವಿಯ ಬಗ್ಗೆಯೂ ಸಂಶಯ ಬಂತು. ಆದರೆ ಜಮಖಂಡಿ ಹತ್ತಿರವಾದಂತೆ ಇನ್ನೊಂದು ವಿಷಯ ಹೊಳೆಯಿತು. ನಾನು ಕಣ್ಣಾರೆ ಕಂಡ ಸಾಕ್ಷಿಯಲ್ಲ, ಆದರೆ ಅಕ್ಕ ಹೌದು. ಅವಳು ಆಯಿಯನ್ನು ನೋಡಿದವಳಲ್ಲ, ಮಾತಾಡಿದವಳಲ್ಲ. ಆ ತಾಯಿ ಅಲ್ಲಿ ಓದುತ್ತಿದ್ದರು ಎಂಬುದಕ್ಕೆ ಅವಳದು ಬೇರೆಯೇ ಆಧಾರ. ಓದುತ್ತಿದ್ದರು ಎಂದ ಮಾತ್ರಕ್ಕೆ ಶುರು ಮಾಡಿದವರೂ ಅವರೇ ಎಂದಾಗುವುದಿಲ್ಲ. ಅದನ್ನೂ ನನಗೆ ನಾನೇ ಹೇಳಿಕೊಂಡೆ.

ಮುಧೋಳದಲ್ಲಿ ಒಬ್ಬ ನಿವೃತ್ತ ಹೆಡ್‌ಮಾಸ್ತರರ ಮನೆಗೆ ಹೋದದ್ದು ಹುಟ್ಟಿದ ದಿನಗಳ ಸಲುವಾಗಿ. ಅವರಿಗೆ ಜೂನ್ ತಿಂಗಳು ಎಂದರೆ ನಗು.

"ಅರ್ಧ ಊರಿಗೆ ಹುಟ್ಟಿದ ದಿನ ಕೊಟ್ಟಾಂವ ನಾನ್ರೀ! ಹುಡುಗನ್ನ ತಂದು ನಿಂದರಿಸ್ತಿದ್ರು. ಯಾವಾಗ ಹುಟ್ಯಾನಪಾ ಅಂದ್ರ, ಎಮ್ಮಿ ಈದಿದ್ದ ವರ್ಷ ಅಂತಿದ್ರು. ತಲಿ ಮ್ಯಾಲಿಂದ ಕೈ ಆ ಕಡೆ ಕಿವಿಗೆ ಮುಟ್ಟತೈತೇನ ನೋಡ್ತಿದ್ದೆ, ಮುಟ್ಟಿದ್ರ ಆತು, ಜೂನ್ ಒಂದು."

"ಅಣ್ಣ-ತಮ್ಮ ಇಬ್ಬರೂ ಬಂದ್ರ?"

"ಇಬ್ಬರಿಗೂ ಜೂನ್ ಒಂದು. ವರ್ಷ ಹಿಂದ ಮುಂದ." ಅವರ ಮಡದಿ ಒಳಗಿನಿಂದ, "ಇವರಿಗೂ ಇವರ ಮಾಸ್ತರು ಅದನ ಬರದಾರ, ಕೇಳ್ರಿ," ಎಂದರು. ಮಾಸ್ತರರು ಚಹಾದ ಬಸಿ ಕೆಳಗಿಟ್ಟರು. "ನನಗೂ ಅದು ಗೊತ್ತಾಗಿದ್ದು ರಿಟಾಯರ್ಡ್ ಆಗೂಮುಂದ. ಮೇ ಮೂವತ್ತೊಂದಕ್ಕ ಹಾರ ಹಾಕಿ ಕಳಿಸಿದ್ರು. ಅಲ್ಲೀತನಾ ಯಾಂವ ಮಗ ಜೂನ್ ಒಂದಕ್ಕ ಹುಟ್ಟುಹಬ್ಬ ಮಾಡ್ಕೊಂಡಾನ್ರೀ?"

ನಾನು ಚಹಾ ಪೂರ್ತಿ ಕುಡಿಯಲಿಲ್ಲ. ಕಾಲಿಗೆ ಚಪ್ಪಲಿ ಸಿಕ್ಕಿಸುವಾಗಲೇ ಗುರುಗಳು ಬರೆಸಿದ ವಾಕ್ಯ ಬಿಚ್ಚಿಕೊಳ್ಳತೊಡಗಿತ್ತು. ಜೂನ್ ಒಂದು ಶಾಲೆಯವರು ಕೊಟ್ಟ ದಿನ, ಮನೆಯವರು ಆಚರಿಸಿದ ದಿನವಲ್ಲ. ದೊಡ್ಡಪ್ಪ ನೂಲಿನ ವ್ಯಾಪಾರಿ. ನೌಕರಿ ಮಾಡಲಿಲ್ಲ, ಪಿಂಚಣಿ ಪಡೆಯಲಿಲ್ಲ. ಸರ್ಟಿಫಿಕೇಟು ಬಿಚ್ಚಿ ನೋಡುವ ಪ್ರಸಂಗವೇ ಅವರಿಗೆ ಬಂದಿರಲಿಕ್ಕಿಲ್ಲ. ಮನೆಯಲ್ಲಿ ಅವರ ಹುಟ್ಟಿದ ದಿನ ಇದ್ದರೆ ಅದು ತಿಥಿಯಾಗಿರುತ್ತಿತ್ತು. ಅಂಥವರು ಜೂನ್ ಒಂದನ್ನು ತಮ್ಮ ಹುಟ್ಟುಹಬ್ಬವೆಂದು ತಿಳಿದು, ಆ ದಿನವೇ ಕಾಣಿಕೆ ಕೊಟ್ಟರು ಎಂಬುದು ಆ ಕಾಲದಲ್ಲಿ ಸಾಧ್ಯವಿರಲಿಲ್ಲ. ಈ ಕಥೆ ಎಷ್ಟೋ ವರ್ಷಗಳ ನಂತರ ಹುಟ್ಟಿದ್ದು. ಸರ್ಟಿಫಿಕೇಟು ನೋಡುವ ಅಭ್ಯಾಸವಿದ್ದ ಯಾರೋ ಅದನ್ನು ಕುಳಿತು ಕಟ್ಟಿದ್ದಾರೆ.

ಆ ಸಂಜೆಯೇ ಗುರುಗಳ ಮನೆಗೆ ಹೋದೆ. ನಿಂತುಕೊಂಡೇ ಕೇಳಿದೆ.

"ಸರ್, ಸ್ಮರಣ ಸಂಚಿಕೆಯೊಳಗ ಅದನ್ನ ಬರದವರು ಯಾರ್ರಿ?"

"ಕುಂದರು ಮೊದಲ."

"ಯಾರ್ರಿ ಸರ್?"

"ನಾನ."

"ಕಲ್ಲು?"

"ಸಂಚಿಕಿ ನೋಡಿ ಕೆತ್ತಿಸಿದ್ರು." ಮುಚ್ಚಿಡುವ ಯತ್ನವನ್ನೂ ಅವರು ಮಾಡಲಿಲ್ಲ. "ನಮ್ಮ ದೊಡ್ಡಪ್ಪ ಬೆಂಚು ಕೊಟ್ಟಾನ, ಪೇಪರಿನ ಚಂದಾ ತುಂಬ್ಯಾನ. ಒಂದು ತಾರೀಖು ಬೇಕಾಗಿತ್ತು, ಹಾಕಿದೆ. ಆ ಹೆಣ್ಣಮಗಳು ಓದಿ ಹೇಳ್ತಿದ್ಲು, ನಾ ಇಲ್ಲ ಅನ್ನೂದಿಲ್ಲ. ಓದೂದು ಬ್ಯಾರೆ, ಸಂಸ್ಥಾಪನೆ ಬ್ಯಾರೆ."

"ಒಂದ ಬಾಯಿಂದ ಬಂದದ್ದು ಎರಡು ಆಧಾರ ಅಂತ ನನಗ ಯಾಕ ಕೊಟ್ರಿ?"

ಅವರು ನನ್ನ ಕಡೆ ಪ್ರೀತಿಯಿಂದಲೇ ನೋಡಿದರು. ಆ ನೋಟ ನನಗೆ ಈಗಲೂ ಚುಚ್ಚುತ್ತದೆ. "ನಾ ಬರದ್ರ ನಮ್ಮ ದೊಡ್ಡಪ್ಪಂದು ಅಂತಾರ. ನೀ ಬರದ್ರ ಯಾರೂ ಏನೂ ಅನ್ನಂಗಿಲ್ಲ. ನೀ ಯಾರನ್ನೂ ನಂಬೂದಿಲ್ಲ ಅಂತ ನಾಕೂ ತಾಲೂಕಿಗೆ ಗೊತ್ತೈತಿ. ಅದಕ್ಕ ನಿನ್ನ ಕಡೆ ಕೊಟ್ಟೆ."

ಅವರು ಕಲಿಸಿದ ಸಂಶಯ ಅದು. ಕರುವಿನಂತೆ ಸಾಕಿ, ದೊಡ್ಡದಾದ ಮೇಲೆ ತಮ್ಮ ಬಂಡಿಗೆ ಹೂಡಿದ್ದರು.

ಮರುದಿನ ಕಚೇರಿಯಲ್ಲಿ ಖಾನೆಗಳನ್ನು ಬದಲಿಸಿದೆ. ಜೂನ್ ಒಂದರ ನಮೂದನ್ನು ಪೂರ್ತಿ ತೆಗೆದು, ಅಲ್ಲಿ ಹೀಗೆ ಬರೆದೆ: ಶಾಲೆಯ ದಾಖಲೆಯಲ್ಲಿ ಇಂದು ಹುಟ್ಟಿದ ನಮ್ಮ ನಾಲ್ಕೂ ತಾಲ್ಲೂಕಿನ ಎಲ್ಲ ಹಿರಿಯರಿಗೆ ಶುಭಾಶಯ. ವಾಚನಾಲಯವನ್ನು ಕಾರಹುಣ್ಣಿಮೆಯ ಮರುದಿನಕ್ಕೆ ಒಯ್ದೆ. ಈ ವರ್ಷ ಅದು ಜೂನಿನಲ್ಲೇ ಬಿದ್ದಿತ್ತು. ಆ ತಾಯಿಯ ಹೆಸರು ಬರೆದು, ಮಗಳ ನೆನಪಿನ ಪ್ರಕಾರ ಎಂದು ಸೇರಿಸಿದೆ. ಅವರು ಅಲ್ಲಿ ಓದುತ್ತಿದ್ದುದನ್ನು ಕಂಡ ಇನ್ನೊಬ್ಬರಿದ್ದಾರೆ, ಶುರುವಾದ ದಿನಕ್ಕೆ ಬೇರೆ ಆಧಾರ ಸಿಕ್ಕಿಲ್ಲ ಎಂದೂ ಬರೆದೆ. ನೆನಪನ್ನು ನೆನಪೆಂದೇ ಹೆಸರಿಟ್ಟು ಅಚ್ಚಿಗೆ ಕೊಟ್ಟದ್ದು ನನ್ನ ಕೆಲಸದಲ್ಲಿ ಅದೇ ಮೊದಲು. ಎರಡು ದಿನ ತಡೆದು ಮತ್ತೆ ಓದಿದೆ, ಬದಲಿಸಬೇಕು ಅನ್ನಿಸಲಿಲ್ಲ. ಪುಟದ ಪಿಡಿಎಫ್ ಸಂಪಾದಕರಿಗೆ ಕಳಿಸಿದೆ. ಹೆಬ್ಬೆರಳಿನ ಚಿತ್ರ ಬಂತು.

ಹಾಳೆ ಅಚ್ಚಾಗಿ ಬಂದ ಬೆಳಿಗ್ಗೆ ಬಂಡಲ್ ಬಿಚ್ಚಿ ನೋಡಿದೆ. ಮೊದಲ ಖಾನೆಯಲ್ಲಿ ದೊಡ್ಡಪ್ಪ ಇದ್ದರು, ಹುಟ್ಟುಹಬ್ಬ, ಕಾಣಿಕೆ ಎಲ್ಲ ಸಮೇತ. ಕಾರಹುಣ್ಣಿಮೆಯ ಮರುದಿನದ ಖಾನೆಯಲ್ಲಿ ರೈತ ಬಾಂಧವರಿಗೆ ಒಂದು ಟ್ರ್ಯಾಕ್ಟರ್ ಅಂಗಡಿಯ ಶುಭಾಶಯ. ಹಾಳೆಯ ಕೆಳಗೆ, ಸಂಶೋಧನೆ ಮತ್ತು ಸಂಗ್ರಹ ಎಂದು ನನ್ನ ಹೆಸರು, ದಪ್ಪ ಅಕ್ಷರದಲ್ಲಿ.

"ಸರ್ ಫೋನ್ ಮಾಡಿದ್ರಲ್ರೀ," ಎಂದರು ಸಂಪಾದಕರು, ನಿಜವಾಗಿಯೂ ಗೊಂದಲದಲ್ಲಿ. "ನೀವ ಹೇಳಿ ಕಳಿಸೀರಿ, ಗಡಿಬಿಡಿಯೊಳಗ ತಪ್ಪು ಪುಟ ಹೋಗೇತಿ ಅಂದ್ರು, ಮೊದಲನೇ ಖಾನೆ ಅವರ ಬರಸಿ, ವಾಚನಾಲಯದ್ದು ಇನ್ನೊಂದು ಖಾನೆ ತಗಸಿದ್ರು. ನಿಮ್ಮ ಗುರುಗಳು ಅಂತ ನಾ ಮತ್ತ ಕೇಳಲಿಲ್ಲ."

"ನನಗ ಒಂದು ಮಾತು ಕೇಳಬೇಕಿತ್ರಿ."

"ಅವರ ಮಾತು ಕೇಳಿದ್ರ ನಿಮ್ಮ ಮಾತು ಕೇಳಿದಂಗ ಅಂದ್ಕೊಂಡೆ. ನೀವ ಹೇಳ್ತಿದ್ರಿ ಅದನ್ನ."

ಹೇಳುತ್ತಿದ್ದೆನೇ? ಹೇಳಿರಬಹುದು. ನನಗೆ ನೆನಪಿಲ್ಲ. ತಿದ್ದುಪಡಿ ಹಾಕಿ ಎಂದೆ. ಅವರು ಹಾಳೆ ಮಡಚುತ್ತ, "ಒಂದಕ್ಕ ತಿದ್ದುಪಡಿ ಹಾಕಿದ್ರ ಎಲ್ಲಾ ಖಾನೆ ಮ್ಯಾಲೆ ಸಂಶಯ ಬರ್ತೈತ್ರಿ," ಎಂದರು.

ಕೆಲವು ದಿನ ಬಿಟ್ಟು ಬನಹಟ್ಟಿಗೆ ಹೋದೆ. ಹೊಸ ಕಟ್ಟಡದ ಮುಂದೆ ಫ್ಲೆಕ್ಸ್ ಕಟ್ಟಿದ್ದರು. ದೊಡ್ಡಪ್ಪನ ಹೆಸರು, ಅದರ ಪಕ್ಕಕ್ಕೆ ನಮ್ಮ ಹಾಳೆಯ ಮೊದಲ ಖಾನೆಯನ್ನು ಬಾಗಿಲಷ್ಟು ದೊಡ್ಡದು ಮಾಡಿ ಹಾಕಿದ್ದರು. ನನ್ನ ಹೆಸರನ್ನೂ ಕತ್ತರಿಸಿ ತಂದು ಅದರ ಕೆಳಗೆ ಕೂರಿಸಿದ್ದರು. ಅದನ್ನು ದಾಟಿಯೇ ಆಯಿಯ ಮನೆಗೆ ಹೋಗಬೇಕು.

ಆಯಿ ದನಿ ಗುರುತು ಹಿಡಿದರು. ಹಾಳೆ ಅವರ ಹತ್ತಿರವೇ ಇತ್ತು, ಯಾರೋ ತಂದುಕೊಟ್ಟು ಓದದೆ ಹೋಗಿದ್ದರು. "ನಮ್ಮವ್ವಂದು ಎಲ್ಲೈತಿ, ಓದು," ಎಂದು ಕೈಗೆ ಕೊಟ್ಟರು. ಪಕ್ಕದ ಶೆಡ್ಡಿನಲ್ಲಿ ಪವರ್‌ಲೂಮಿನ ಸದ್ದಿತ್ತು, ಗಟ್ಟಿಯಾಗಿ ಓದಬೇಕಾಯಿತು. ಮೊದಲ ಖಾನೆಯನ್ನು ಇದ್ದ ಹಾಗೆಯೇ ಓದಿದೆ.

"ಕೆಳಗ ನಿನ್ನ ಹೆಸರು ಐತೇನು?"

"ಐತ್ರಿ ಆಯಿ."

ಅವರು ತಮ್ಮ ತಲೆ ಮುಟ್ಟಿಕೊಂಡರು. "ಹಂಗಾರ ನನಗ ತಪ್ಪು ನೆನಪೈತೇನೋ. ನೀ ಎರಡೆರಡು ಕಡೆ ನೋಡಾಂವ."

"ಇಲ್ರಿ ಆಯಿ! ನಾ ಬರದದ್ದು ಇದಲ್ಲ. ನಿಮ್ಮವ್ವನ ಹೆಸರ ಬರದಿದ್ದೆ. ನನ್ನ ಕೈ ದಾಟಿದ ಮ್ಯಾಲೆ ಬದಲಿ ಮಾಡ್ಸ್ಯಾರ."

"ಯಾರು?"

ಹೇಳಿದೆ.

"ಅಂವ?" ಆಯಿಯ ಕೈ ಪಡಸಾಲೆಯ ಮೂಲೆಯೊಂದರ ಕಡೆ ತಿರುಗಿತು, ಅಲ್ಲಿ ಈಗ ಬೆಂಚು ಇತ್ತು. "ಅಂವ ಸಣ್ಣಾಂವ ಇದ್ದಾಗ ಅಲ್ಲೇ ಕುಂದರ್ತಿದ್ದ, ನಮ್ಮವ್ವನ ಮಗ್ಗಲಕ್ಕ. ಆಕಿ ಓದಿದಂಗ ಹಾಳಿ ಮ್ಯಾಲೆ ಕೈಬಟ್ಟು ಇಟಗೊಂತ ಹೋಗ್ತಿದ್ದ." ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ. "ಉಳಿದದ್ದು ಓದು," ಎಂದರು.

ಎರಡನೆಯ ತಾರೀಖಿನದು ಓದಿದೆ, ಮೂರನೆಯದು ಓದಿದೆ. ತೇರದಾಳದ ಅಜ್ಜ, ಶ್ರುತಪಂಚಮಿ, ಹಳೆಯ ಪಂಚಾಂಗ ನೋಡಿ ಹಾಕಿದ ತಾರೀಖು ಬಂತು.

"ಇದು ಖರೆ ಏನು?"

"ಖರೆ ಆಯಿ. ಉಳಿದದ್ದೆಲ್ಲಾ ಖರೆ. ನಾನ ಓಡ್ಯಾಡಿ ನೋಡೇನಿ."

"ಯಾರಿಗೊತ್ತು ತಮ್ಮಾ," ಎಂದರು ಆಯಿ, ಸಿಟ್ಟಿಲ್ಲದೆ. "ಅದರ ಕೆಳಗೂ ನಿಂದ ಹೆಸರು, ಇದರ ಕೆಳಗೂ ನಿಂದ ಹೆಸರು."

ನಿಮ್ಮ ಮಾತಿಗೆ ಬೇರೆ ಸಾಕ್ಷಿ ಏನು ಎಂದು ತಿಂಗಳಿಡೀ ಕಂಡಕಂಡವರನ್ನೆಲ್ಲ ಕೇಳಿದವನು ನಾನೇ. ತೋರಿಸಲು ನನ್ನ ಬಳಿ ಇನ್ನೊಂದು ಆಧಾರವಿರಲಿಲ್ಲ. ಮುಂದಿನ ಖಾನೆಯ ಮೇಲೆ ಬೆರಳಿಟ್ಟುಕೊಂಡು, ಅವರು ಓದು ಎನ್ನುವುದನ್ನು ಕಾಯುತ್ತ ಕುಳಿತೆ.